ದೋಣಿಗೆ ಲಿಥಿಯಮ್ ಬ್ಯಾಟರಿ: ಫ್ಯೂಸ್‌ನ ಎರಡನೇ ನಂಬರ್ ಓದಿ

ಈ ಎರಡು ಫ್ಯೂಸ್‌ಗಳನ್ನ ಹತ್ತಿರದಿಂದ ನೋಡಿ. ಎಡಗಡೆ ಇರೋದು ಎಎನ್‌ಎಲ್. ನಡುವೆ ಸಣ್ಣ ಕಿಟಕಿ, ಅದರೊಳಗೆ ತೆಳು ಲೋಹದ ಪಟ್ಟಿ. ಬಲಗಡೆ ಇರೋದು ಕ್ಲಾಸ್ ಟಿ. ಪೂರ್ತಿ ಮುಚ್ಚಿದ ಉರುಳೆ, ಎರಡೂ ತುದಿಗೆ ದಪ್ಪ ಕಿವಿ, ಒಳಗೆ ಪಟ್ಟಿಯ ಸುತ್ತ ಮರಳು ತುಂಬಿದೆ. ಎರಡರ ಮೇಲೂ 250 ಆಂಪ್ ಅಂತಲೇ ಬರೆದಿದೆ. ಅದಕ್ಕೇ ಅಂಗಡಿಯಲ್ಲಿ ಎಷ್ಟೋ ಜನ ಕಮ್ಮಿ ಬೆಲೆದು ಎತ್ಕೊಂಡು ಬರ್ತಾರೆ.

ಆದರೆ ಆ 250 ಹೇಳೋದು ಇಷ್ಟೇ: ದಿನವೂ ಎಷ್ಟು ಕರೆಂಟ್ ಹೊರಬಹುದು ಅಂತ. ಡೇಟಾಶೀಟಲ್ಲಿ ಇನ್ನೊಂದು ನಂಬರ್ ಇರುತ್ತೆ, ಇಂಟರಪ್ಟಿಂಗ್ ರೇಟಿಂಗ್. ಶಾರ್ಟ್ ಆದಾಗ ಎಷ್ಟು ಆಂಪ್ ತನಕ ಈ ಫ್ಯೂಸ್ ನಿಜವಾಗ್ಲೂ ಕಡಿದು ನಿಲ್ಲಿಸುತ್ತೆ ಅನ್ನೋದು ಅದರಲ್ಲಿದೆ. 32 ವೋಲ್ಟ್‌ನಲ್ಲಿ ಮೆಗಾ ಫ್ಯೂಸ್‌ಗೆ ಅದು 2,000 ಆಂಪ್, ಎಎನ್‌ಎಲ್‌ಗೆ 6,000. ಬ್ಯಾಟರಿ ಟರ್ಮಿನಲ್ ಮೇಲೇ ಕೂರೋ ಎಂಆರ್‌ಬಿಎಫ್‌ಗೆ 14 ವೋಲ್ಟ್‌ನಲ್ಲಿ 10,000. ಕ್ಲಾಸ್ ಟಿಗೆ ಡಿಸಿಯಲ್ಲಿ 20,000.

ಇಷ್ಟು ದೊಡ್ಡ ಅಂಕಿ ಯಾಕೆ ಬೇಕು? ಲೆಕ್ಕ ಸುಲಭ. ಲಿಥಿಯಮ್ ಐರನ್ ಫಾಸ್ಫೇಟ್ ಬ್ಯಾಟರಿಯ ನಾಲ್ಕು ಸೆಲ್, ಅವನ್ನ ಜೋಡಿಸೋ ಪಟ್ಟಿ, ಟರ್ಮಿನಲ್ ಎಲ್ಲ ಸೇರಿ 2 ಮಿಲಿ ಓಮ್ ಅಂತ ಹಿಡಿಯಿರಿ. 13.2 ವೋಲ್ಟನ್ನ ಅದರಿಂದ ಭಾಗಿಸಿದ್ರೆ 6,600 ಆಂಪ್. ಒಂದೇ ಬ್ಯಾಟರಿಗೇ ಎಎನ್‌ಎಲ್ ಮಿತಿ ದಾಟಿತು. ಎರಡು ಬ್ಯಾಟರಿ ಪ್ಯಾರಲಲ್ ಹಾಕಿದ್ರೆ ಬಸ್‌ಬಾರ್, ಅಂದ್ರೆ ಕೇಬಲ್‌ಗಳೆಲ್ಲ ಬಂದು ಸೇರೋ ಲೋಹದ ಪಟ್ಟಿ, ಅದರ ಹತ್ತಿರ 13,200. ಒಳ್ಳೆ ಸೆಲ್‌ಗಳಲ್ಲಿ ಈ ರೆಸಿಸ್ಟೆನ್ಸ್ ಇನ್ನೂ ಕಮ್ಮಿ ಇರುತ್ತೆ, ಅಂದ್ರೆ ಕರೆಂಟ್ ಇನ್ನೂ ಜಾಸ್ತಿ.

ಮಿತಿ ದಾಟಿದಾಗ ಪಟ್ಟಿ ಕರಗುತ್ತೆ, ಆದರೆ ಕರೆಂಟ್ ನಿಲ್ಲಲ್ಲ. ಕರಗಿದ ಜಾಗದಲ್ಲಿ ಕಿಡಿಯ ಸೇತುವೆ ಕಟ್ಟಿಕೊಳ್ಳುತ್ತೆ, ಆರ್ಕ್. ಊರಲ್ಲಿ ಮನೆಗೆ ಬರೋ ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆ ಮುಟ್ಟುತ್ತೆ, ಹಾಗಾಗಿ ಅಲ್ಲಿ ಆರ್ಕ್ ಆರೋಕೆ ಅವಕಾಶ ಸಿಗುತ್ತೆ. ಡಿಸಿಯಲ್ಲಿ ಆ ಬಿಡುವೇ ಇಲ್ಲ. ಕ್ಲಾಸ್ ಟಿ ಒಳಗಿನ ಮರಳು ಇರೋದು ಅದಕ್ಕೇ: ಆರ್ಕ್‌ನ ಬಿಸಿಯನ್ನ ತಾನು ಹೀರಿ, ಕರಗಿ ಗಾಜಾಗಿ, ದಾರಿ ಮುಚ್ಚುತ್ತೆ.

ಬಿಎಂಎಸ್‌ನಲ್ಲಿ, ಅಂದ್ರೆ ಲಿಥಿಯಮ್ ಬ್ಯಾಟರಿ ಒಳಗಿನ ಕಾವಲು ಸರ್ಕ್ಯೂಟ್‌ನಲ್ಲಿ, ಶಾರ್ಟ್ ಸರ್ಕ್ಯೂಟ್ ಪ್ರೊಟೆಕ್ಷನ್ ಇದೆಯಲ್ಲ ಅಂತ ಕೇಳ್ತೀರಿ. ಇದೆ, ಅದು ಕಣ್ಣು ಮಿಟುಕಿಸೋದ್ರೊಳಗೆ ಕೆಲಸ ಮಾಡುತ್ತೆ. ಆದರೆ ಅದರೊಳಗಿನ ಮಾಸ್‌ಫೆಟ್ ಅನ್ನೋ ಎಲೆಕ್ಟ್ರಾನಿಕ್ ಸ್ವಿಚ್‌ಗಳು ಸುಟ್ಟಾಗ ಸಾಮಾನ್ಯವಾಗಿ ಆನ್ ಆದ ಸ್ಥಿತಿಯಲ್ಲೇ ಕೂರ್ತವೆ, ಅಂದ್ರೆ ಕರೆಂಟ್ ಹರೀತಾನೇ ಇರುತ್ತೆ. ಬಿಎಂಎಸ್ ಕಾಯೋದು ಸೆಲ್‌ನ, ಫ್ಯೂಸ್ ಕಾಯೋದು ಕೇಬಲ್‌ನ. ಒಂದರ ಕೆಲಸ ಇನ್ನೊಂದಕ್ಕೆ ಹಚ್ಚಬೇಡಿ.

ಈಗ ದೋಣಿಗೆ ಬರೋಣ. ಇದು 36 ಅಡಿ ಹಾಯಿದೋಣಿ, ಅಮೆರಿಕದ ಚೆಸಪೀಕ್ ಕೊಲ್ಲಿಯ ಅನಾಪೊಲಿಸ್‌ನಲ್ಲಿ ದಡಕ್ಕೆ ಕಟ್ಟಿ ನಿಲ್ಲಿಸಿದೆ. ದೋಣಿ ವೈರಿಂಗಿಗೆ ಇಲ್ಲಿ ಎಲ್ಲರೂ ನೋಡೋ ಎಬಿವೈಸಿ (ಅಮೆರಿಕನ್ ಬೋಟ್ ಅಂಡ್ ಯಾಟ್ ಕೌನ್ಸಿಲ್) ಮಾನದಂಡಗಳ ಕಚೇರಿಯೂ ಇದೇ ಊರಲ್ಲಿದೆ. ಡಿಸಿ ವೈರಿಂಗಿಗೆ ಇ-11, ಲಿಥಿಯಮ್‌ಗೆ 2022ರಲ್ಲಿ ಬಂದ ಇ-13. ಹೌಸ್ ಬ್ಯಾಟರಿ ಅಂದ್ರೆ ಎಂಜಿನ್ ಸ್ಟಾರ್ಟ್ ಮಾಡೋದು ಬಿಟ್ಟು ಉಳಿದ ಎಲ್ಲದಕ್ಕೂ, ಫ್ರಿಡ್ಜು, ದೀಪ, ನೀರಿನ ಪಂಪು, ರೇಡಿಯೊ, ಆಟೊಪೈಲಟ್‌ಗೆ ಕರೆಂಟ್ ಕೊಡೋದು. ಹಳೇದು ಎರಡು 200 ಆಂಪ್ ಅವರ್ ಎಜಿಎಂ, ಅಂದ್ರೆ ಸೀಲ್ ಮಾಡಿದ ಲೆಡ್ ಬ್ಯಾಟರಿ, ಒಂದೊಂದೂ 60 ಕೆಜಿ ಆಸುಪಾಸು. ಹೊಸದು ಅಷ್ಟೇ ಕೆಪ್ಯಾಸಿಟಿಯ ಎರಡು ಲಿಥಿಯಮ್, ಒಂದೊಂದೂ 25 ಕೆಜಿ ಸುಮಾರು. ಎಜಿಎಂನಲ್ಲಿ ಅರ್ಧ ಮಾತ್ರ ಬಳಸಬೇಕಿತ್ತು, 200 ಆಂಪ್ ಅವರ್. ಇದರಲ್ಲಿ 80 ಪರ್ಸೆಂಟ್ ಬಳಸಿದ್ರೂ 320.

ಹೊಸ ಬ್ಯಾಟರಿ ಚಿಕ್ಕದು, ಹಳೇ ಟ್ರೇನಲ್ಲಿ ಅಲ್ಲಾಡುತ್ತೆ. ಮರದ ತುಂಡು ಕೊಟ್ಟು, ಬೆಲ್ಟ್ ಬಿಗಿದು ಕಟ್ಟಿ. 40 ಕೆಜಿ ಬಲದಲ್ಲಿ ಎಳೆದ್ರೂ 25 ಮಿಲಿಮೀಟರ್‌ಗಿಂತ ಹೆಚ್ಚು ಕದಲಬಾರದು.

ಫ್ಯೂಸ್ ಸೈಜಿಗೆ ಬನ್ನಿ. ಇಲ್ಲಿ ಅತಿ ದೊಡ್ಡ ಲೋಡು 2,000 ವಾಟ್ ಇನ್ವರ್ಟರ್. ಎಫಿಶಿಯನ್ಸಿ 90 ಪರ್ಸೆಂಟ್, ವೋಲ್ಟೇಜ್ 12ಕ್ಕೆ ಇಳಿದಿದೆ ಅಂತ ಇಟ್ಕೊಂಡ್ರೆ 185 ಆಂಪ್. ಅದಕ್ಕೆ ಕಾಲು ಭಾಗ ಸೇರಿಸಿದ್ರೆ 231. ಮುಂದಿನ ಸೈಜು 250. ಕೇಬಲ್ 70 ಸ್ಕ್ವೇರ್ ಎಂಎಂ, ಟಿನ್ ಲೇಪದ್ದು, 105 ಡಿಗ್ರಿ ಇನ್ಸುಲೇಷನ್. ಎಬಿವೈಸಿ ಪಟ್ಟಿಯಲ್ಲಿ ಹೆಚ್ಚುಕಮ್ಮಿ ಇದೇ ದಪ್ಪದ 2/0 ಕೇಬಲ್‌ಗೆ ಎಂಜಿನ್ ಕೋಣೆಯ ಹೊರಗೆ 330 ಆಂಪ್ ಇದೆ. ಫ್ಯೂಸ್ ಯಾವಾಗ್ಲೂ ಆ ನಂಬರ್‌ಗಿಂತ ಕೆಳಗಿರಬೇಕು. ಹೋಗಿಬರೋ ಉದ್ದ 3 ಮೀಟರ್ ಇದ್ದಾಗ ವೋಲ್ಟೇಜ್ ಡ್ರಾಪ್ 0.14, ಅಂದ್ರೆ ಒಂದು ಪರ್ಸೆಂಟ್ ಚಿಲ್ಲರೆ. ಸಾಕು.

ಎರಡು ಬ್ಯಾಟರಿಗೂ ಬೇರೆ ಬೇರೆ ಫ್ಯೂಸ್, ಒಂದೊಂದಕ್ಕೆ 225 ಆಂಪ್ ಕ್ಲಾಸ್ ಟಿ. ಎರಡಕ್ಕೂ ಸೇರಿ ಒಂದೇ ಹಾಕಿದ್ರೆ, ಒಂದು ಬ್ಯಾಟರಿ ಒಳಗೆ ಶಾರ್ಟ್ ಆದ ದಿನ ಇನ್ನೊಂದು ತನ್ನ ಶಕ್ತಿಯನ್ನೆಲ್ಲ ಅದಕ್ಕೆ ಸುರೀತಾ ಹೋಗುತ್ತೆ, ನಡುವೆ ತಡೆಯೋರೇ ಇರಲ್ಲ. 225 ಯಾಕೆ, 231ರ ಅರ್ಧ 115 ಯಾಕಲ್ಲ ಅಂದ್ರೆ, ಒಂದು ಬಿಎಂಎಸ್ ಆಫ್ ಆದಾಗ ಪೂರ್ತಿ 185 ಆಂಪ್ ಇನ್ನೊಂದರ ಮೇಲೇ ಬೀಳುತ್ತೆ. ಹಾಗಾಗಿ ಒಂದೊಂದು ಬಿಎಂಎಸ್ಸೂ 200 ಆಂಪ್ ಹೊರೋದೇ ತಗೊಳ್ಳಿ, ಅಗ್ಗ ಅಂತ 100 ಆಂಪ್‌ದಕ್ಕೆ ಹೋಗಬೇಡಿ. ಬಸ್‌ಬಾರ್ ದಾಟಿದ ಮೇಲೆ ಎರಡೂ ಸೇರಿ 450 ಆಂಪ್ ತನಕ ಬರಬಹುದು, 70 ಸ್ಕ್ವೇರ್ ಕೇಬಲ್ ಅಷ್ಟು ತಾಳಲ್ಲ. ಅದಕ್ಕೇ ಇನ್ವರ್ಟರ್ ದಾರಿಗೆ ಬೇರೆ 250ರ ಕ್ಲಾಸ್ ಟಿ.

ಒಂದು ಎಚ್ಚರ: 110ರಿಂದ 200 ಆಂಪ್‌ವರೆಗಿನ ಕ್ಲಾಸ್ ಟಿ ಫ್ಯೂಸ್‌ಗೆ ಒಂದು ಅಳತೆ, 225ರಿಂದ 400ಕ್ಕೆ ಇನ್ನೊಂದು ಅಳತೆ. ಒಂದರ ಹೋಲ್ಡರ್ ಇನ್ನೊಂದಕ್ಕೆ ಕೂರಲ್ಲ. ಹೆಸರಿಲ್ಲದ ಅಗ್ಗದ ಮಾಲು ಬೇಡ. ಲಿಟಲ್‌ಫ್ಯೂಸ್ ಜೆಎಲ್‌ಎಲ್‌ಎನ್, ಬಸ್‌ಮನ್ ಜೆಜೆಎನ್, ಮರ್ಸೆನ್ ಎ3ಟಿ, ಇವುಗಳಲ್ಲಿ ಒಂದನ್ನ ನಂಬಿಕೆಯ ಅಂಗಡಿಯಲ್ಲಿ ತಗೊಳ್ಳಿ.

ಜಾಗ? ಪಾಸಿಟಿವ್ ಟರ್ಮಿನಲ್‌ನಿಂದ ಕೇಬಲ್ ಉದ್ದ ಅಳೆದು 7 ಇಂಚು, ಅಂದ್ರೆ 178 ಮಿಲಿಮೀಟರ್ ಒಳಗೆ. ಕೇಬಲ್ ಪೂರ್ತಿ ಕೊಳವೆಯೊಳಗಿದ್ರೆ 72 ಇಂಚಿನವರೆಗೂ ನಿಯಮ ಒಪ್ಪುತ್ತೆ. ಆದರೂ ಹತ್ತಿರ ಇದ್ದಷ್ಟೂ ಒಳ್ಳೇದು. ಫ್ಯೂಸ್‌ಗೆ ಮೊದಲಿನ ಆ ತುಂಡು ಕೇಬಲ್‌ಗೆ ಕಾವಲು ಯಾರೂ ಇಲ್ಲ.

ಈಗ ಕ್ಯಾಮೆರಾ ಈ ಸ್ಟಡ್ ಹತ್ತಿರ. ಇದು ತಪ್ಪಾಗಿ ಜೋಡಿಸಿದ್ದು: ಫ್ಯೂಸ್‌ನ ಕಿವಿ, ಅದರ ಮೇಲೆ ಸ್ಟೀಲ್ ವಾಷರ್, ಆಮೇಲೆ ಲಗ್, ಅಂದ್ರೆ ಕೇಬಲ್ ತುದಿಯ ತಾಮ್ರದ ಉಂಗುರ. ಪ್ಲಾಸ್ಟಿಕ್ ಅಂಚು ಕಂದಿ ಉಬ್ಬಿರೋದು ಕಾಣುತ್ತಾ? ಸ್ಟೇನ್‌ಲೆಸ್ ಸ್ಟೀಲು ಕರೆಂಟ್ ಸಾಗಿಸೋದು ತಾಮ್ರದ ನಲವತ್ತನೇ ಒಂದು ಭಾಗ ಮಾತ್ರ. ಆ ಸಂದಿಯಲ್ಲಿ ಒಂದೇ ಒಂದು ಮಿಲಿ ಓಮ್ ಸೇರಿದ್ರೂ 185 ಆಂಪ್‌ಗೆ 34 ವಾಟ್ ಬಿಸಿ. 25 ವಾಟ್ ಸೋಲ್ಡರಿಂಗ್ ಐರನ್ ಗೊತ್ತಲ್ಲ, ಅದಕ್ಕಿಂತ ಹೆಚ್ಚಿನದನ್ನ ಹೋಲ್ಡರ್ ಒಳಗೆ ಆನ್ ಮಾಡಿ ಇಟ್ಟ ಹಾಗೆ. ಓವರ್‌ಲೋಡ್ ಇಲ್ಲದೇ ಫ್ಯೂಸ್ ಹೋಯ್ತು ಅನ್ನೋ ದೂರಿನ ಹಿಂದೆ ಬಹಳ ಸಲ ಇರೋದು ಇದೇ. ಸರಿಯಾದ ಕ್ರಮ: ಮೊದಲು ಫ್ಯೂಸ್‌ನ ಕಿವಿ, ಅದಕ್ಕೆ ನೇರವಾಗಿ ಅಂಟಿದಂತೆ ಲಗ್, ಆಮೇಲೆ ವಾಷರ್, ಸ್ಪ್ರಿಂಗ್ ವಾಷರ್, ನಟ್. ಟಾರ್ಕ್ ರೆಂಚಲ್ಲಿ, ತಯಾರಕರು ಕೊಟ್ಟ ಅಂಕಿಗೆ ಬಿಗೀರಿ. ಲಗ್‌ನ ಹೈಡ್ರಾಲಿಕ್ ಕ್ರಿಂಪರ್‌ನಲ್ಲಿ ಒತ್ತಿ, ಒಳಗೆ ಅಂಟು ಇರೋ ಹೀಟ್‌ಶ್ರಿಂಕ್ ಕೊಳವೆ ಹಾಕಿ. ಸುತ್ತಿಗೆಯಲ್ಲಿ ಬಡಿದು ಕೂರಿಸೋದು ಬೇಡ.

ಎಂಜಿನ್ ತಿರುಗುವಾಗ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಇನ್ನೊಂದು ಕಡೆಯ ಅಪಾಯ. ಲೆಡ್ ಬ್ಯಾಟರಿ ತುಂಬ್ತಾ ಬಂದ ಹಾಗೆ ಕರೆಂಟ್ ತಾನೇ ಕಮ್ಮಿ ಕೇಳುತ್ತೆ. ಲಿಥಿಯಮ್ ಹೆಚ್ಚುಕಮ್ಮಿ ತುಂಬೋವರೆಗೂ ಕೊಟ್ಟಷ್ಟನ್ನೂ ಎಳ್ಕೊಳ್ಳುತ್ತೆ. ಎಂಜಿನ್ ನಿಧಾನಕ್ಕೆ ತಿರುಗ್ತಿದ್ರೆ ಫ್ಯಾನ್ ಗಾಳಿಯೂ ಸಾಲದೆ ಆಲ್ಟರ್ನೇಟರ್ ಸುಡುತ್ತೆ. ಇನ್ನೊಂದು: ಬಿಎಂಎಸ್ ದಿಢೀರಂತ ಕಡಿದ್ರೆ ವೋಲ್ಟೇಜ್ ಜಿಗಿದು ಡಯೋಡ್‌ಗಳು ಹೋಗ್ತವೆ. ಸರಳ ದಾರಿ ಅಂದ್ರೆ ಆಲ್ಟರ್ನೇಟರ್‌ನ ಎಜಿಎಂ ಸ್ಟಾರ್ಟ್ ಬ್ಯಾಟರಿಗೇ ಕಟ್ಟಿ, ಅಲ್ಲಿಂದ 30 ಆಂಪ್ ಡಿಸಿ-ಡಿಸಿ ಚಾರ್ಜರ್ ಮೂಲಕ ಲಿಥಿಯಮ್‌ಗೆ ಕೊಡೋದು. ಎರಡು ಗಂಟೆ ಎಂಜಿನ್ ಓಡಿಸಿದ್ರೆ 60 ಆಂಪ್ ಅವರ್. ಈ ಕೇಬಲ್‌ಗೆ ಎರಡು ತುದಿಯಲ್ಲೂ ಬ್ಯಾಟರಿ ಇದೆ, ಆದ್ದರಿಂದ ಫ್ಯೂಸೂ ಎರಡು ತುದಿಯಲ್ಲಿ. ಒಂದೇ ಕಡೆ ಹಾಕಿ ಬಿಡೋದು ತುಂಬಾ ಸಾಮಾನ್ಯವಾದ ತಪ್ಪು.

ಬಿಲ್ಜ್ ಪಂಪು, ಅಂದ್ರೆ ದೋಣಿ ತಳಕ್ಕೆ ಸೇರಿದ ನೀರು ಎತ್ತೋ ಪಂಪು, ಲಿಥಿಯಮ್ ಮೇಲೆ ಬೇಡ. ಬಿಎಂಎಸ್ ಆಫ್ ಆದ್ರೆ ಪಂಪೂ ಆಫ್, ದೋಣಿಯಲ್ಲಿ ಯಾರೂ ಇಲ್ಲದ ರಾತ್ರಿ ಅದು ಗೊತ್ತಾಗೋದೂ ಇಲ್ಲ. ಅದನ್ನ ಸ್ಟಾರ್ಟ್ ಬ್ಯಾಟರಿಗೆ ಅದರದೇ ಫ್ಯೂಸ್ ಹಾಕಿ ಕೊಡಿ.

ಚಾರ್ಜರ್ ಸೆಟಿಂಗ್: ಅಬ್ಸಾರ್ಪ್ಷನ್ 14.2 ವೋಲ್ಟ್, ಫ್ಲೋಟ್ 13.5, ಈಕ್ವಲೈಸೇಷನ್ ಮತ್ತು ಟೆಂಪರೇಚರ್ ಕಾಂಪೆನ್ಸೇಷನ್ ಆಫ್. ಸೊನ್ನೆ ಡಿಗ್ರಿ ಕೆಳಗೆ ಚಾರ್ಜ್ ಮಾಡಲೇಬಾರದು, ಸೆಲ್ ಒಳಗೆ ಲಿಥಿಯಮ್ ಲೋಹವಾಗಿ ಕಟ್ಟಿಕೊಂಡು ಶಾಶ್ವತ ಹಾನಿ ಆಗುತ್ತೆ. ಅನಾಪೊಲಿಸ್‌ನ ಜನವರಿಯಲ್ಲಿ ಇದು ಬರೀ ಪುಸ್ತಕದ ಮಾತಲ್ಲ. ಇನ್ನು ವೋಲ್ಟ್ ಮೀಟರ್ ನೋಡಿ ಎಷ್ಟು ಉಳಿದಿದೆ ಅಂತ ಹೇಳೋಕಾಗಲ್ಲ, 70 ಪರ್ಸೆಂಟಿಗೂ 40ಕ್ಕೂ ವ್ಯತ್ಯಾಸ ಬರೀ 0.1 ವೋಲ್ಟ್. ನೆಗೆಟಿವ್ ಕಡೆ ಶಂಟ್, ಅಂದ್ರೆ ಒಳಗೆ ಹೊರಗೆ ಹರಿಯೋ ಕರೆಂಟ್ ಅಳೆಯೋ ಸಾಧನ, ಹಾಕಿ. ಬ್ಯಾಟರಿಯ ನೆಗೆಟಿವ್ ಬಿಟ್ಟು ಉಳಿದದ್ದೆಲ್ಲ ಶಂಟ್‌ನ ಆಚೆ ಬದಿಗೇ ಬರಬೇಕು.

ಜೋಡಿಸೋ ದಿನ ಉಂಗುರ, ವಾಚು ತೆಗೆದಿಡಿ, ಸ್ಪ್ಯಾನರ್ ಹಿಡಿಗೆ ಟೇಪ್ ಸುತ್ತಿ. ಪ್ಯಾರಲಲ್ ಮಾಡೋ ಮೊದಲು ಎರಡೂ ಬ್ಯಾಟರಿನ ಬೇರೆ ಬೇರೆಯಾಗಿ ಪೂರ್ತಿ ಚಾರ್ಜ್ ಮಾಡಿ. ಒಂದು ತುಂಬಿ ಇನ್ನೊಂದು ಖಾಲಿ ಇದ್ದು ಒಂದು ವೋಲ್ಟ್ ವ್ಯತ್ಯಾಸ ಬಂದ್ರೆ, ಮುಟ್ಟಿಸಿದ ಕ್ಷಣ ನಡುವೆ 250 ಆಂಪ್ ಹರಿಯುತ್ತೆ. ಕೇಬಲ್ ಎಲ್ಲ ಬಿಗಿದ ಮೇಲೆ ಕೊನೆಗೆ ಫ್ಯೂಸ್. ಇನ್ವರ್ಟರ್‌ನ ಸ್ವಿಚ್ ನೇರ ಹಾಕಿದ್ರೆ ಅದರ ಕೆಪಾಸಿಟರ್‌ಗಳು ಒಮ್ಮೆಲೇ ಎಳ್ಕೊಳ್ತವೆ, ಬಿಎಂಎಸ್ ಅದನ್ನ ಶಾರ್ಟ್ ಅಂದ್ಕೊಂಡು ಕಡಿಯುತ್ತೆ. ಸ್ವಿಚ್‌ನ ಎರಡು ಸ್ಟಡ್ ನಡುವೆ 25 ಓಮ್‌ನ ದಪ್ಪ ರೆಸಿಸ್ಟರನ್ನ ಕೆಲವು ಸೆಕೆಂಡ್ ಹಿಡಿದು, ಆಮೇಲೆ ಸ್ವಿಚ್ ಹಾಕಿ.

ಇನ್ವರ್ಟರ್ ಮೇಲೆ ಪೂರ್ತಿ ಲೋಡ್ ಕೊಟ್ಟು ಅರ್ಧ ಗಂಟೆ ಓಡಿಸಿ. ಥರ್ಮಲ್ ಕ್ಯಾಮೆರಾ ಅಥವಾ ಇನ್‌ಫ್ರಾರೆಡ್ ಗನ್ ಹಿಡಿದು ಒಂದೊಂದೇ ಲಗ್ ನೋಡ್ತಾ ಬನ್ನಿ. ಪಕ್ಕದವಕ್ಕಿಂತ ಯಾವುದು ಬಿಸಿ ಕಾಣುತ್ತೋ ಆ ನಟ್ಟನ್ನ ಸ್ವಿಚ್ ಆಫ್ ಮಾಡಿ ಬಿಚ್ಚಿ, ಒರೆಸಿ, ಮತ್ತೆ ಬಿಗೀರಿ. ಒಂದು ತಿಂಗಳ ಓಡಾಟ ಆದ್ಮೇಲೆ ಇನ್ನೊಂದು ಸಲ ಇದೇ ಕೆಲಸ, ದೋಣಿಯ ನಡುಕಕ್ಕೆ ನಟ್ ಸಡಿಲ ಆಗುತ್ತೆ. ಮತ್ತೆ 225ದು ಎರಡು, 250ದು ಒಂದು, ಹೊಸ ಫ್ಯೂಸ್‌ಗಳನ್ನ ಜಿಪ್ ಕವರಲ್ಲಿ ಹಾಕಿ ಹೋಲ್ಡರ್ ಪಕ್ಕದಲ್ಲೇ ಕಟ್ಟಿಡಿ. ಲಂಗರು ಹಾಕಿದ ಕಡೆ ಕ್ಲಾಸ್ ಟಿ ಮಾರೋ ಅಂಗಡಿ ಇರಲ್ಲ.