ಆರಿಯಾ ಅಂದರೆ ಇಳಿಸು

ಎಲ್ಲರಿಗೂ ನಮಸ್ಕಾರ.

ಕ್ರೇನ್ ಕೆಲಸದವರ ಎರಡು ಮಾತನ್ನು ಮೊದಲು ನಿಮಗೆ ಹೇಳಬೇಕು. ಹಾಫಿಸ್ ಅಂದರೆ ಎತ್ತು. ಆರಿಯಾ ಅಂದರೆ ಇಳಿಸು. ಹಡಗಿನ ಖಲಾಸಿಗಳ ಬಾಯಿಂದ ಬಂದ ಮಾತುಗಳಿವು. ಆರಿಯಾ ಅನ್ನುವುದರ ಬೇರು ಪೋರ್ಚುಗೀಸ್ ಭಾಷೆಯಲ್ಲಿದೆ. ಹಿಂದಿ ಚೆನ್ನಾಗಿ ಬಲ್ಲವರಿಗೂ, ಸೈಟಿಗೆ ಹೊಸಬರಾದರೆ, ಅದು ಅರ್ಥವಾಗುವುದಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ನಾನು ನೋಡಿಕೊಳ್ಳುತ್ತಿದ್ದ ಒಂದು ಸೇತುವೆಯ ಸೈಟಿಗೆ ಇಂಡಿ ತಾಲೂಕಿನ ಹುಡುಗನೊಬ್ಬ ಬಂದ. ಹತ್ತೊಂಬತ್ತು ವರ್ಷ. ಬಂದು ನಾಲ್ಕೇ ದಿನ ಆಗಿತ್ತು. ಕಬ್ಬಿಣದ ಸರಳಿನ ಕಟ್ಟು ಕ್ರೇನಿನಲ್ಲಿ ತೂಗುತ್ತಿತ್ತು. ಅದರ ಕೆಳಗೆ ಇಟ್ಟಿದ್ದ ಮರದ ತುಂಡು ಸ್ವಲ್ಪ ಸರಿದಿತ್ತು. ಸರಿಮಾಡೋಣ ಅಂತ ಅವನು ಕೈ ಹಾಕಿದ. ಅದೇ ಹೊತ್ತಿಗೆ ಕ್ರೇನಿಗೆ ಸೂಚನೆ ಕೊಡುವ ಖಲಾಸಿ 'ಆರಿಯಾ, ಆರಿಯಾ' ಅಂತ ಕೂಗಿದ. ಹುಡುಗ ಕೈ ತೆಗೆಯಲಿಲ್ಲ. ಎರಡು ಬೆರಳು ಹೋದವು. ಆಸ್ಪತ್ರೆಯಲ್ಲಿ ಅವನು ನನಗೆ ಹೇಳಿದ್ದು ಇಷ್ಟು: "ಸಾಹೇಬ್ರ, ಯಾರನ್ನೋ ಹೆಸರು ಹಿಡಿದು ಕರೀಲಿಕತ್ತಾರ ಅಂದ್ಕೊಂಡೆರಿ."

ಆ ದಿನ ಬೆಳಿಗ್ಗೆ ಸೈಟಿನಲ್ಲಿ ಸುರಕ್ಷತೆಯ ಪಾಠ ಆಗಿತ್ತು. ಪಾಠ ಕೇಳಿದ್ದೇನೆ ಅಂತ ಅವನ ಸಹಿಯೂ ಪುಸ್ತಕದಲ್ಲಿತ್ತು. ಪಾಠ ನಡೆದದ್ದು ಹಿಂದಿಯಲ್ಲಿ. ನಡೆಸಿದವನು ನಾನೇ. ವಿಜಯಪುರ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ನಾನು, ವಿಜಯಪುರ ಜಿಲ್ಲೆಯ ಹುಡುಗನಿಗೆ ಹಿಂದಿಯಲ್ಲಿ ಪಾಠ ಮಾಡಿದ್ದೆ.

ದೊಡ್ಡ ಕಾಮಗಾರಿಗಳಿಗೆ ಸ್ಥಳೀಯರನ್ನು ತಯಾರು ಮಾಡುವುದು ಹೇಗೆ ಅನ್ನುವ ಬಗ್ಗೆ ಮಾತಾಡಿ ಅಂತ ಮುಂಬಯಿ ಕನ್ನಡಿಗರಾದ ನೀವು ಕರೆದಾಗ, ನನಗೆ ನೆನಪಾದದ್ದು ಆ ಹುಡುಗನೇ.

ಮುಂಬಯಿಯ ಸುತ್ತ ಈಗ ಕೆಲಸಕ್ಕೆ ಕೊರತೆ ಇಲ್ಲ. ಅಹಮದಾಬಾದಿಗೆ ಹೋಗುವ ಬುಲೆಟ್ ರೈಲಿನ ದಾರಿ 508 ಕಿ.ಮೀ. ಅದರಲ್ಲಿ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಿಂದ ಶಿಲ್‌ಫಾಟಾದ ತನಕ 21 ಕಿ.ಮೀ. ಸುರಂಗ. ಅದರಲ್ಲೂ 7 ಕಿ.ಮೀ. ಠಾಣೆ ಖಾಡಿಯ ನೀರಿನ ಕೆಳಗೆ. ಅತ್ತ ಪಾಲ್ಘರ್ ಜಿಲ್ಲೆಯ ವಾಢವಣದಲ್ಲಿ ಸುಮಾರು 76 ಸಾವಿರ ಕೋಟಿ ರೂಪಾಯಿಯ ಬಂದರಿಗೆ 2024ರ ಆಗಸ್ಟ್ 30ರಂದು ಅಡಿಗಲ್ಲು ಬಿತ್ತು. ಇವೆಲ್ಲ ವರ್ಷಗಟ್ಟಲೆ ನಡೆಯುವ ಕೆಲಸಗಳು. ಆದರೆ ಸೈಟಿನ ಗೇಟಿನ ಹೊರಗೆ ಇರುವ ಊರಿನವರಿಗೆ, ದಿನಗೂಲಿ ಹುಡುಕಿ ರಸ್ತೆ ಕೂಡುವ ನಾಕಾದ ಮೇಲೆ ನಿಲ್ಲುವ ನಮ್ಮ ಜನಕ್ಕೆ ಇದರಲ್ಲಿ ಯಾವ ಕೆಲಸ ಸಿಗುತ್ತದೆ? ವಾಚ್‌ಮನ್. ಕಸ ಗುಡಿಸುವುದು. ಬಿಗಾರಿ, ಅಂದರೆ ಮಣ್ಣು-ಗಾರೆ ಹೊರುವ ಕೂಲಿ.

ಯಾಕೆ ಹೀಗೆ? ಗುತ್ತಿಗೆದಾರರು ಕೆಟ್ಟವರು ಅಂತಲ್ಲ. ಕೆಲಸ ಶುರುವಾದ ದಿನದಿಂದ ಅವರ ತಲೆಯ ಮೇಲೆ ಗಡುವು ಕುಳಿತಿರುತ್ತದೆ. ತಡವಾದರೆ ದಂಡ. ಆಗ ಅವರು ಬೇರೆ ಊರಲ್ಲಿ ಕೆಲಸ ಮಾಡಿ ಕೈ ಪಳಗಿದವರನ್ನೇ ಕರೆಸುತ್ತಾರೆ. ಮುಂಬಯಿಯ ನೆಲದಡಿಯ ಮೆಟ್ರೋ 3ರ ದಾರಿ ನೆನಪು ಮಾಡಿಕೊಳ್ಳಿ. 33.5 ಕಿ.ಮೀ. ದಾರಿ, ಸುರಂಗ ಕೊರೆಯುವ 17 ಮಷೀನುಗಳು. 2025ರ ಅಕ್ಟೋಬರಿನಲ್ಲಿ ಪೂರ್ತಿ ತೆರೆಯಿತು. ಆ ಮಷೀನಿನ ಹಿಂದೆ ಕಾಂಕ್ರೀಟಿನ ಬಾಗಿದ ತುಂಡುಗಳನ್ನು ಒಂದೊಂದಾಗಿ ಎತ್ತಿ, ಬೋಲ್ಟ್ ಹಾಕಿ, ಬಳೆಯ ಹಾಗೆ ಜೋಡಿಸುತ್ತಾರೆ. ಬಳೆಯ ಹೊರಗೆ ಉಳಿದ ಸಂದಿಗೆ ಗಾರೆ ತುಂಬುತ್ತಾರೆ. ಈ ಕೆಲಸ ಪುಸ್ತಕ ಓದಿ ಬರುವುದಿಲ್ಲ. ಬಲ್ಲವನ ಪಕ್ಕ ತಿಂಗಳುಗಟ್ಟಲೆ ನಿಂತು, ನೋಡಿ, ಕೈ ಹಾಕಿ ಕಲಿಯಬೇಕು. ಹಾಗೆ ನಿಲ್ಲಲು ಒಂದು ಜಾಗ ಬೇಕು. ನಿಂತ ದಿನಕ್ಕೆ ಕೂಲಿಯೂ ಬೇಕು.

ಆ ಜಾಗ ಮತ್ತು ಆ ಕೂಲಿ ಟೆಂಡರಿನಲ್ಲೇ ಬರೆದಿರಬೇಕು. ಸಿಮೆಂಟಿಗೆ, ಸರಳಿಗೆ ಬಿಲ್ ಮಾಡುವ ಹಾಗೆ ಕಲಿಯುವವರ ದಿನಗೂಲಿಗೂ ಬಿಲ್ ಆಗಬೇಕು. ಟೆಂಡರಿನಲ್ಲಿ ಇಲ್ಲದ್ದು ಸೈಟಿನಲ್ಲಿ ಆಗಿದ್ದನ್ನು ನಾನಂತೂ ಕಂಡಿಲ್ಲ. ಅಪ್ರೆಂಟಿಸ್ ಕಾನೂನು 1961ರಿಂದ ಇದೆ. 30 ಅಥವಾ ಹೆಚ್ಚು ಜನ ಇರುವ ಕಡೆ ನೂರಕ್ಕೆ ಕನಿಷ್ಠ ಎರಡೂವರೆಯಷ್ಟು ಅಪ್ರೆಂಟಿಸ್‌ಗಳು ಇರಬೇಕು. ಆ ಲೆಕ್ಕದಲ್ಲಿ ಗುತ್ತಿಗೆ ಕೆಲಸಗಾರರೂ ಸೇರುತ್ತಾರೆ. ಕೇಳುವವರು ಇದ್ದರೆ ಇದೊಂದೇ ಎಷ್ಟೋ ಹುಡುಗರಿಗೆ ಬಾಗಿಲು ತೆರೆಯುತ್ತದೆ.

ಈಗ ಸ್ಥಳೀಯರು ಅಂದರೆ ಯಾರು ಅನ್ನುವ ಮಾತು. ಮೊದಲ ಹಕ್ಕು ಇಲ್ಲಿ ಮೊದಲಿನಿಂದ ಇದ್ದ ಆಗ್ರಿ ರೈತರು, ಕೋಳಿ ಮೀನುಗಾರರು, ವಾರ್ಲಿ ಆದಿವಾಸಿಗಳದ್ದು. ಇದನ್ನು ಕನ್ನಡಿಗರ ಸಭೆಯಲ್ಲಿ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ನವಿ ಮುಂಬಯಿಗಾಗಿ 95 ಹಳ್ಳಿಗಳ ನೆಲ ಹೋಯಿತು. 1984ರ ಜನವರಿಯಲ್ಲಿ ದಿ. ಬಾ. ಪಾಟೀಲರ ಮುಂದಾಳತ್ವದ ಚಳವಳಿಯಲ್ಲಿ ಐವರು ಜೀವ ಕೊಟ್ಟರು. ಆಮೇಲೆ ನೆಲ ಕಳೆದುಕೊಂಡವರಿಗೆ ನೂರಕ್ಕೆ ಹನ್ನೆರಡೂವರೆಯಷ್ಟು ಅಭಿವೃದ್ಧಿಪಡಿಸಿದ ಜಾಗ ಕೊಡುವ ಪದ್ಧತಿ ಬಂತು. ನೆಲಕ್ಕೆ ನೆಲದ ಲೆಕ್ಕ ಹಾಕಬಹುದು. ಬಲೆ ಬೀಸುತ್ತಿದ್ದ ಕೈಗೆ ಇನ್ನೊಂದು ಕಸುಬು ಕೊಡುವುದು ಹಾಗಲ್ಲ, ಅದಕ್ಕೆ ವರ್ಷಗಳು ಬೇಕು. ವಾಢವಣದಲ್ಲಿ ಮೀನುಗಾರರು ಬಂದರೇ ಬೇಡ ಅನ್ನುತ್ತಿದ್ದಾರೆ. ತರಬೇತಿ ಕೊಡುತ್ತೇವೆ ಅನ್ನುವುದು ಅವರ ಆ ಮಾತಿಗೆ ಉತ್ತರ ಅಲ್ಲ. ಇದನ್ನೂ ನಾವು ಒಪ್ಪಿಕೊಳ್ಳಬೇಕು, ಅಲ್ವಾ?

ಅವರ ಜೊತೆಗೆ, ಮೂವತ್ತು ವರ್ಷದಿಂದ ಇಲ್ಲೇ ಇದ್ದು, ಇಲ್ಲೇ ಮಕ್ಕಳನ್ನು ಹೆತ್ತು, ಇನ್ನೂ ಹೊರಗಿನವರಾಗಿಯೇ ಉಳಿದ ನಮ್ಮ ಕಲಬುರಗಿ, ಯಾದಗಿರಿ, ವಿಜಯಪುರದ ಜನ ಇದ್ದಾರೆ. ತಾಂಡಾಗಳಿಂದ ಬಂದ ಲಂಬಾಣಿಗರು ಇದ್ದಾರೆ. ಅವರಲ್ಲಿ ಕಸುಬು ಇಲ್ಲ ಅಂತಲ್ಲ. ಇಪ್ಪತ್ತು ವರ್ಷ ಸೆಂಟ್ರಿಂಗ್ ಮಾಡಿದವನಿಗೆ ಡ್ರಾಯಿಂಗ್ ಓದಲು ಬರುವುದಿಲ್ಲ, ಅಷ್ಟೇ. ಕೈಯಲ್ಲಿ ಒಂದು ಕಾಗದವೂ ಇಲ್ಲ. ಕಾಗದ ಇಲ್ಲದ್ದಕ್ಕೆ ಕೂಲಿ ಪಟ್ಟಿಯಲ್ಲಿ ಅವನು ಕೆಳಗಿನ ಮೆಟ್ಟಿಲಲ್ಲೇ ಉಳಿಯುತ್ತಾನೆ. ಬಲ್ಲ ಕೆಲಸವನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಸರಕಾರಿ ಯೋಜನೆ ಇದೆ. ಪಡೆದವರಿಗೆ ಕೂಲಿ ಏರಿದರೆ ಮಾತ್ರ ಅದಕ್ಕೆ ಬೆಲೆ.

ಹೆಂಗಸರ ಮಾತು ಬಿಟ್ಟರೆ ತಪ್ಪಾಗುತ್ತದೆ. ಗಂಡ ಬಿಗಾರಿಯಾಗಿ ಬರುತ್ತಾನೆ, ಹತ್ತು ವರ್ಷದಲ್ಲಿ ಗವಂಡಿ, ಅಂದರೆ ಗಾರೆ ಮೇಸ್ತ್ರಿ, ಆಗುತ್ತಾನೆ. ಹೆಂಡತಿ ಅವನ ಜೊತೆಗೇ ಬಂದು, ಅವನಿಗೇ ಗಾರೆ ಹೊತ್ತು ಕೊಟ್ಟು, ಸೊಂಟ ಹೋಗುವ ತನಕ ಬಿಗಾರಿಯಾಗಿಯೇ ಇರುತ್ತಾಳೆ. ಅವಳ ಕೈಗೆ ಕರಣಿ ಕೊಟ್ಟವರನ್ನು ನಾನು ಬೆರಳೆಣಿಕೆಯಷ್ಟು ನೋಡಿದ್ದೇನೆ. ಸರಳು ಕಟ್ಟುವುದು, ಟೈಲ್ಸ್ ಕೂರಿಸುವುದು, ವೆಲ್ಡಿಂಗ್, ಅಳತೆ ಹಿಡಿಯುವುದು, ಇವೆಲ್ಲ ಕಣ್ಣು ಮತ್ತು ತಾಳ್ಮೆ ಬೇಡುವ ಕೆಲಸ. ಹೆಂಗಸರಿಗೆ ಕಲಿಸಬೇಕಾದರೆ ಮಗುವನ್ನು ನೋಡಿಕೊಳ್ಳುವವರು ಪಕ್ಕದಲ್ಲೇ ಇರಬೇಕು. ಅದಿಲ್ಲದೆ ಎಷ್ಟು ಕರೆದರೂ ಅವರು ಬರಲಾರರು.

ಕಲಿಸುವುದು ಹೇಗೆ? ಒಂದು ಕೊಡ ನೀರು, ಒಂದು ಹಗ್ಗ ಸಾಕು. ಹಗ್ಗದ ನಡುವೆ ಕೊಡ ಕಟ್ಟಿ, ಇಬ್ಬರು ಎರಡು ತುದಿ ಹಿಡಿಯಲಿ. ಹತ್ತಿರ ನಿಂತರೆ ಭಾರ ಅರ್ಧರ್ಧ. ದೂರ ಸರಿಯುತ್ತಾ ಹೋದ ಹಾಗೆ ಕೈ ಜಗ್ಗುತ್ತದೆ. ಎರಡು ಹಗ್ಗದ ನಡುವಿನ ಕೋನ 120 ಡಿಗ್ರಿ ಆದಾಗ ಒಬ್ಬೊಬ್ಬರಿಗೂ ಇಡೀ ಕೊಡದ ಭಾರ ಬೀಳುತ್ತದೆ. ಕ್ರೇನಿನ ಸ್ಲಿಂಗ್, ಅಂದರೆ ಭಾರ ಕಟ್ಟುವ ಹಗ್ಗ, ಯಾಕೆ ಕಡಿಯುತ್ತದೆ ಅನ್ನುವುದು ಇಷ್ಟರಲ್ಲಿ ತಿಳಿಯುತ್ತದೆ. ಬಾವಿಯಿಂದ ನೀರು ಸೇದಿದ ಹೆಂಗಸರಿಗೆ ಇದು ಎಂಜಿನಿಯರಿಗಿಂತ ಬೇಗ ಹತ್ತುತ್ತದೆ. ಕನ್ನಡದಲ್ಲಿ ಹೇಳಿದರೆ ಅರ್ಧ ಗಂಟೆಯ ಪಾಠ.

ಇನ್ನೊಂದು, ಕೆಲಸಗಾರರ ಪಂಚಾಂಗ ನೋಡಿ ತರಗತಿ ಇಡಬೇಕು. ಕಾರಹುಣ್ಣಿಮೆಯ ಹೊತ್ತಿಗೆ ಬಿತ್ತನೆಗೆ ಎಷ್ಟೋ ಜನ ಊರಿಗೆ ಹೋಗುತ್ತಾರೆ. ಇಲ್ಲೇ ಉಳಿದವರಿಗೆ ಮಳೆಗಾಲದಲ್ಲಿ ಕೆಲಸ ಕಡಿಮೆ, ಅವರಿಗೆ ಆಗ ಪಾಠ ಮಾಡಬಹುದು. ಹೋದವರಿಗೆ ದೀಪಾವಳಿ ಆದ ಮೇಲೆ.

ಇಲ್ಲಿ ಕೂತ ಹಿರಿಯರಲ್ಲಿ ಕೆಲವರು ಹಗಲು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಓದಿದವರು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ನಮ್ಮವರು ಕಟ್ಟಿದ ದೊಡ್ಡ ಕೆಲಸ. ಅಲ್ಲಿ ಓದಿದ ಹುಡುಗರು ವಕೀಲರಾದರು, ಬ್ಯಾಂಕಿಗೆ ಹೋದರು, ತಾವೇ ಹೋಟೆಲ್ ತೆರೆದರು. ಸೈಟಿನ ಹುಡುಗರಿಗೆ ಅಂಥ ಒಂದು ರಾತ್ರಿ ಶಾಲೆ ಬೇಕು. ನಿವೃತ್ತರಾದ ಕನ್ನಡ ಎಂಜಿನಿಯರುಗಳು, ಸುಪರ್ವೈಸರುಗಳು ಈ ಊರಲ್ಲಿ ಬೇಕಾದಷ್ಟು ಇದ್ದೀರಿ. ಡ್ರಾಯಿಂಗ್ ಓದುವುದು, ಸರಳಿನ ಉದ್ದ ಲೆಕ್ಕ ಹಾಕುವುದು, ಕ್ರೇನಿನ ಸನ್ನೆಗಳು, ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ಹೆಸರು ಬರೆಸುವುದು. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಹೆಸರು ಬರೆಸಬಹುದು ಅಂತ ಗೊತ್ತಿಲ್ಲದವರೇ ಜಾಸ್ತಿ.

ಮೂರನೇ ಭಾನುವಾರ ಸಂಜೆ ಏಳಕ್ಕೆ ನವಿ ಮುಂಬಯಿಯ ತುರ್ಭೆ ನಾಕಾದ ಹತ್ತಿರ ಮೊದಲ ಪಾಠ ಇಟ್ಟಿದ್ದೇವೆ. ಕೊಡ, ಹಗ್ಗ ನಾನು ತರುತ್ತೇನೆ. ಹೋಟೆಲಿನವರು ಯಾರಾದರೂ ಐವತ್ತು ಜನಕ್ಕೆ ಉಪ್ಪಿಟ್ಟು, ಚಹಾ ನೋಡಿಕೊಳ್ಳಿ. ಬೆರಳು ಕಳೆದುಕೊಂಡ ಆ ಹುಡುಗ ಈಗ ಕ್ರೇನಿಗೆ ಸನ್ನೆ ಕೊಡುವ ಕೆಲಸದಲ್ಲಿದ್ದಾನೆ. ಅವನೂ ಬರುತ್ತಾನೆ. ಹಾಫಿಸ್, ಆರಿಯಾ ಪಾಠ ಅವನದೇ.