ತಗ್ಗಿದ ನೆಲ: ನಗರ ಬಸ್ಸಿನ ಲೋ ಎಂಟ್ರಿ ಚಾಸಿ

ಸಭಿಕರೆ,

ಬಸ್ಸು ಹತ್ತಲು ಕಷ್ಟವಾದಾಗ ನಾವು ಮೆಟ್ಟಿಲನ್ನು ದೂರುತ್ತೇವೆ. ಆ ಎತ್ತರ ನಿಶ್ಚಯವಾಗುವುದು ಬಾಡಿ ಕಟ್ಟುವುದಕ್ಕೆ ಮೊದಲೇ, ಚಾಸಿಯಲ್ಲಿ, ಅಂದರೆ ಬಸ್ಸಿನ ಅಡಿಯ ಚೌಕಟ್ಟಿನಲ್ಲಿ. ನಮ್ಮ ಹಳೆಯ ನಗರ ಬಸ್ಸುಗಳು ಲಾರಿಯ ಚಾಸಿಯ ಮೇಲೆಯೇ ಎದ್ದವು: ಮುಂದೆ ಎಂಜಿನ್ನು, ಉದ್ದಕ್ಕೂ ಏಣಿಯಂತೆ ಎರಡು ನೇರ ತೊಲೆಗಳು, ನಡುವೆ ಹಿಂದಿನ ಗಾಲಿಗಳ ಅಚ್ಚಾದ ಆಕ್ಸಲ್‌ವರೆಗೆ ಎಂಜಿನ್ನಿನ ತಿರುಗುಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟು. ಇಷ್ಟರ ಮೇಲೆ ನೆಲ ಹಾಸಿದರೆ ಅದು ರಸ್ತೆಯಿಂದ ಸುಮಾರು ಒಂದು ಮೀಟರ್ ಮೇಲಕ್ಕೆ ಹೋಗಿ ಕೂರುತ್ತದೆ. ಮಂಡಿನೋವಿನ ಅಜ್ಜಿಯೊಬ್ಬರು ಅಂಥ ಬಸ್ಸು ಹತ್ತುವುದನ್ನು ನೋಡಿ. ಮೊದಲು ಚೀಲವನ್ನು ಒಳಗಿಟ್ಟು, ಎರಡೂ ಕೈಯಲ್ಲಿ ಕಂಬಿ ಹಿಡಿದು, ಸೆರಗು ಕಾಲಿಗೆ ತೊಡರದಂತೆ ನೋಡಿಕೊಂಡು, ಮೈಭಾರವನ್ನೆಲ್ಲ ತೋಳಿಗೆ ಹಾಕಿ ಏರುತ್ತಾರೆ.

ಲೋ ಎಂಟ್ರಿ ಚಾಸಿಯಲ್ಲಿ ಎಂಜಿನ್ನು ಹಿಂದಕ್ಕೆ ಹೋಗುತ್ತದೆ, ಶಾಫ್ಟು ಮೋಟಾಗುತ್ತದೆ, ಮುಂಬಾಗಿಲಿನಿಂದ ನಡುಬಾಗಿಲಿನ ಆಚೆಯವರೆಗೆ ಚೌಕಟ್ಟನ್ನೇ ಕೆಳಗಿಳಿಸಲಾಗುತ್ತದೆ. 2006ರಲ್ಲಿ ಬೆಂಗಳೂರಿನ ರಸ್ತೆಗಿಳಿದ ವೋಲ್ವೊ ಬಿ7ಆರ್‌ಎಲ್‌ಇ ಹೆಸರಿನಲ್ಲಿಯೇ ಇದೆಲ್ಲ ಇದೆ: ಏಳು ಲೀಟರಿನ ಎಂಜಿನ್, ಹಿಂದೆ ಕೂತದ್ದು, ಲೋ ಎಂಟ್ರಿ. ನಗರ ಬಸ್ಸುಗಳ ಕೇಂದ್ರ ಮಾನದಂಡದ ಪ್ರಕಾರ ತಗ್ಗು ನೆಲವೆಂದರೆ ರಸ್ತೆಯಿಂದ 400 ಮಿ.ಮೀ., ಅರೆತಗ್ಗು ಎಂದರೆ 650 ಮಿ.ಮೀ. ಬಸ್ಸಿನ ಭಾರವನ್ನು ಗಾಳಿಚೀಲಗಳ ಮೇಲೆ ಹೊರುವ ಏರ್ ಸಸ್ಪೆನ್ಷನ್ ಇರುವುದರಿಂದ ನಿಲ್ದಾಣದಲ್ಲಿ ಬಾಗಿಲ ಕಡೆಯ ಗಾಳಿಚೀಲದ ಗಾಳಿ ಬಿಟ್ಟು, ಬಸ್ಸು ಆ ಮಗ್ಗುಲಿಗೆ ತುಸು ಬಾಗುವಂತೆಯೂ ಮಾಡಬಹುದು.

ಹಿಂಭಾಗದಲ್ಲಿ ಮಾತ್ರ ಒಂದೆರಡು ಮೆಟ್ಟಿಲು ಉಳಿಯುತ್ತವೆ, ಏಕೆಂದರೆ ಅಲ್ಲಿ ಮಾಮೂಲಿ ಆಕ್ಸಲ್ಲೂ ಎಂಜಿನ್ನೂ ಇವೆ. ಕೊನೆಯವರೆಗೂ ನೆಲ ತಗ್ಗಿರಬೇಕಾದರೆ ನಡುವೆ ತಗ್ಗಿದ ಪೋರ್ಟಲ್ ಆಕ್ಸಲ್ ಬೇಕು. ಅದು ದುಬಾರಿ, ಡಿಪೋದಲ್ಲಿ ಅದರ ಕೆಲಸವೂ ಹೆಚ್ಚು. ಗಾಲಿಕುರ್ಚಿಯ ಜಾಗ, ಹಿರಿಯರ ಸೀಟು, ಎರಡೂ ಬಾಗಿಲು ತಗ್ಗಿನ ಭಾಗದಲ್ಲಿಯೇ ಇರುವುದರಿಂದ ನಮ್ಮ ನಗರಗಳಿಗೆ ಲೋ ಎಂಟ್ರಿಯೇ ಸರಿಯಾದ ಆಯ್ಕೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಆದರೆ ಬೆಂಗಳೂರಿನಲ್ಲಿ ಬಹುಕಾಲ ಈ ಸೌಲಭ್ಯ ಹವಾನಿಯಂತ್ರಿತ ಬಸ್ಸಿನ ಟಿಕೆಟ್ಟಿಗೆ ಅಂಟಿಕೊಂಡೇ ಇತ್ತು. ಮಂಡಿನೋವು ಜೇಬು ನೋಡಿ ಬರುವುದಿಲ್ಲವಲ್ಲ. 2023ರ ಡಿಸೆಂಬರಿನಲ್ಲಿ ಬಿಎಂಟಿಸಿಗೆ ಬಂದ ಟಾಟಾ ಸ್ಟಾರ್‌ಬಸ್ ವಿದ್ಯುತ್ ಬಸ್ಸುಗಳು ಹವಾನಿಯಂತ್ರಣವಿಲ್ಲದ, 12 ಮೀಟರ್ ಉದ್ದದ ತಗ್ಗು ನೆಲದ ಬಸ್ಸುಗಳು. ಶಕ್ತಿ ಯೋಜನೆಯ ಮಹಿಳೆಯರೂ ಅವುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ನನಗೆ ನಿಜವಾಗಿ ಸಂತೋಷ ತಂದ ಬದಲಾವಣೆ ಇದು.

ಇನ್ನು ನಿಲ್ದಾಣದ ಮಾತು. ನೆಲ 400 ಮಿ.ಮೀ., ಫುಟ್‌ಪಾತಿನ ಅಂಚು 150 ಮಿ.ಮೀ. ಇದ್ದು ಬಸ್ಸು ಅಂಚಿಗೆ ತಾಗಿ ನಿಂತರೆ, ಗಾಲಿಕುರ್ಚಿಗಾಗಿ ಬಾಗಿಲಿನಿಂದ ಚಾಚುವ ಇಳಿಜಾರು ಹಲಗೆ, ಅಂದರೆ ರ‍್ಯಾಂಪು ದಾಟಬೇಕಾದ ಎತ್ತರ 250 ಮಿ.ಮೀ. ಮಾತ್ರ, ಒಂದು ಮೀಟರ್ ಉದ್ದದ ರ‍್ಯಾಂಪಿಗೆ ಅದು ನಾಲ್ಕಕ್ಕೆ ಒಂದರ ಇಳಿಜಾರು. ಬಸ್‌ಬೇಯಲ್ಲಿ ಆಟೋ, ಸ್ಕೂಟರುಗಳು ನಿಂತಿದ್ದರೆ ಚಾಲಕ ರಸ್ತೆಯ ನಡುವೆಯೇ ನಿಲ್ಲಿಸಬೇಕಾಗುತ್ತದೆ, ರ‍್ಯಾಂಪು ಡಾಂಬರಿನ ಮೇಲೆ ಬೀಳುತ್ತದೆ, ಇಳಿಜಾರು ಎರಡೂವರೆಗೆ ಒಂದಾಗುತ್ತದೆ, ಗಾಲಿಕುರ್ಚಿಯನ್ನು ಇಬ್ಬರು ಸೇರಿ ತಳ್ಳಬೇಕಾಗುತ್ತದೆ. ಆದ್ದರಿಂದ ಬಸ್ ಖರೀದಿಯ ಸಭೆಯಲ್ಲಿ ಫುಟ್‌ಪಾತ್ ಕಟ್ಟುವ ಎಂಜಿನಿಯರೂ ನಿಲ್ದಾಣ ಖಾಲಿ ಇಡಿಸುವ ಸಂಚಾರ ಪೊಲೀಸರೂ ಕುಳಿತಿರಬೇಕು ಎಂದು ನಾನು ಕೇಳಿಕೊಳ್ಳುತ್ತೇನೆ.