ರೆಕ್ಕೆಗಿಂತ ಮೊದಲು ಟನಲ್ ಪಾಸಾಗಬೇಕು

[ಪರದೆ ಮೇಲೆ: ಕಪ್ಪು ಬಣ್ಣದ ರೆಕ್ಕೆಯ ಮಾದರಿ, ಮುಂದಿನ ಅಂಚು ತೀರಾ ಹತ್ತಿರದಿಂದ]

ಇಲ್ಲಿ ನೋಡಿ. ರೆಕ್ಕೆಯ ಅಂಚಿನ ಮೇಲೆ ಒಂದು ಧೂಳಿನ ಕಣ ಕೂತಿದೆ. ಬರಿಗಣ್ಣಿಗೆ ಕಾಣುವುದೇ ಕಷ್ಟ. ಈಗ ವಿಂಡ್ ಟನಲ್‌ನಲ್ಲಿ, ಅಂದರೆ ಮಾದರಿಯ ಮೇಲೆ ಗಾಳಿ ಹಾಯಿಸಿ ಪರೀಕ್ಷಿಸುವ ಸುರಂಗದಲ್ಲಿ, ಗಾಳಿ ಬಿಡೋಣ.

[ಇನ್‌ಫ್ರಾರೆಡ್ ದೃಶ್ಯ]

ಕಣದ ಹಿಂದೆ ಒಂದು ತ್ರಿಕೋನ ಮೂಡಿತು, ಅಲ್ವಾ? ಹಿಂದಕ್ಕೆ ಹೋದಷ್ಟೂ ಅಗಲವಾಗುತ್ತಿದೆ. ಅದರೊಳಗೆ ಗಾಳಿ ಕದಡಿಹೋಗಿದೆ. ಕದಡಿದ ಗಾಳಿ ರೆಕ್ಕೆಯ ಬಿಸಿಯನ್ನು ಬೇಗ ಹೊತ್ತೊಯ್ಯುತ್ತದೆ. ಅದಕ್ಕೇ ಕ್ಯಾಮೆರಾಗೆ ಆ ಜಾಗ ತಣ್ಣಗೆ ಕಾಣುತ್ತದೆ.

[ನಲ್ಲಿಯಿಂದ ಬೀಳುವ ನೀರು]

ನಲ್ಲಿಯನ್ನು ಒಂಚೂರು ತಿರುಗಿಸಿದರೆ ನೀರು ಗಾಜಿನ ಕಡ್ಡಿಯ ಹಾಗೆ ಇಳಿಯುತ್ತದೆ. ಅದು ಲ್ಯಾಮಿನಾರ್ ಹರಿವು. ಜಾಸ್ತಿ ತಿರುಗಿಸಿ, ಒರಟಾಗಿ ಸುರಿಯುತ್ತದೆ. ಅದು ಟರ್ಬುಲೆಂಟ್. ರೆಕ್ಕೆಗೆ ಅಂಟಿಕೊಂಡು ಸಾಗುವ ತೆಳ್ಳನೆಯ ಗಾಳಿಪದರದಲ್ಲೂ ಇದೇ ನಡೆಯುತ್ತದೆ. ದೊಡ್ಡ ಪ್ರಯಾಣಿಕ ವಿಮಾನ ಎದುರಿಸುವ ಎಳೆತದಲ್ಲಿ ಹತ್ತಿರ ಹತ್ತಿರ ಅರ್ಧ ಬರೀ ಈ ಉಜ್ಜಾಟದ್ದು. ಪದರ ಲ್ಯಾಮಿನಾರ್ ಆಗಿ ಉಳಿದರೆ ಉಜ್ಜಾಟ ತುಂಬಾ ಕಡಿಮೆ. ಅಂದರೆ ಇಂಧನ ಉಳಿತಾಯ.

ಆದರೆ ಇದನ್ನು ಪರೀಕ್ಷಿಸುವ ಟನಲ್‌ನ ಗಾಳಿಯೇ ಕದಡಿದ್ದರೆ? ಫ್ಯಾನ್ ತಿರುಗುತ್ತದೆ, ಗೋಡೆ ನಡುಗುತ್ತದೆ, ಸದ್ದು ಬೇರೆ. ರೆಕ್ಕೆ ಎಷ್ಟೇ ಚೆನ್ನಾಗಿರಲಿ, ಫೇಲ್ ಅನ್ನಿಸುತ್ತದೆ. ನನಗೆ ಈ ವಿಷಯದಲ್ಲಿ ಅತಿ ಇಷ್ಟವಾದ ಕಥೆ ಇರುವುದು ಇಲ್ಲೇ.

ಹರಿವು ಕದಡುವ ಮೊದಲು ಪದರದಲ್ಲಿ ಸಣ್ಣ ಅಲೆಗಳು ಹುಟ್ಟಿ ಬೆಳೆಯುತ್ತವೆ ಎಂದು ಜರ್ಮನಿಯ ವಿಜ್ಞಾನಿ ಟೋಲ್‌ಮಿನ್ 1929ರಲ್ಲಿ ಲೆಕ್ಕ ಹಾಕಿದರು. ಶ್ಲಿಖ್ಟಿಂಗ್ ಅದನ್ನು ಮುಂದುವರಿಸಿದರು. ತುಂಬಾ ಜನ ನಂಬಲಿಲ್ಲ. ಯಾವ ಟನಲ್‌ನಲ್ಲೂ ಆ ಅಲೆ ಕಂಡಿರಲಿಲ್ಲ!

1940ರ ದಶಕದಲ್ಲಿ ಅಮೆರಿಕದ ಶುಬಾವರ್ ಮತ್ತು ಸ್ಕ್ರಾಮ್‌ಸ್ಟಾಡ್ ಒಂದು ಶಾಂತ ಟನಲ್ ಬಳಸಿದರು. ಸಣ್ಣ ಕಣ್ಣಿನ ಜಾಲರಿಗಳನ್ನು ಒಂದರ ಹಿಂದೊಂದು ಇಟ್ಟು ಗಾಳಿಯನ್ನು ಸೋಸಿದರು. ವೇಗದ ಏರಿಳಿತ ಶೇಕಡಾ 0.03ರ ಆಸುಪಾಸಿಗೆ ಇಳಿಯಿತು. ಆಗ ಬಿಸಿ ತಂತಿ ಎಷ್ಟು ತಣ್ಣಗಾಗುತ್ತದೆ ಎಂಬುದರಿಂದ ಗಾಳಿಯ ವೇಗ ಹೇಳುವ ಮಾಪಕದಲ್ಲಿ ಅಲೆಗಳು ಸ್ಪಷ್ಟವಾಗಿ ಕಂಡವು. ಅಷ್ಟು ವರ್ಷ ಟನಲ್‌ನ ಗದ್ದಲ ಅವನ್ನು ಮುಚ್ಚಿಟ್ಟಿತ್ತು.

[ಮಂಜು ಹೊಗೆಯಾಡುವ ಟನಲ್]

ಇನ್ನೊಂದು ತೊಡಕು: ಮಾದರಿ ಚಿಕ್ಕದು, ವಿಮಾನ ದೊಡ್ಡದು. ಹರಿವು ಒಂದೇ ತರಹ ವರ್ತಿಸಬೇಕಾದರೆ ಎರಡರ ರೆನಾಲ್ಡ್ಸ್ ಸಂಖ್ಯೆ ಒಂದೇ ಇರಬೇಕು. ಗಾತ್ರ, ವೇಗ, ಸಾಂದ್ರತೆ ಹೆಚ್ಚಿದರೆ ಈ ಸಂಖ್ಯೆ ಏರುತ್ತದೆ, ಸ್ನಿಗ್ಧತೆ (ಅನಿಲದ ಅಂಟುತನ) ಹೆಚ್ಚಿದರೆ ಇಳಿಯುತ್ತದೆ. ಚಿಕ್ಕ ಮಾದರಿಯಲ್ಲಿ ಅದು ಕಡಿಮೆ. ಅದಕ್ಕೆ ನಾಸಾದ ಲ್ಯಾಂಗ್ಲಿಯ ಟನಲ್‌ನಲ್ಲಿ ಗಾಳಿಯ ಬದಲು ನೈಟ್ರೋಜನ್ ಹರಿಸಿ, ಮೈನಸ್ 150 ಡಿಗ್ರಿ ಸೆಲ್ಸಿಯಸ್‌ಗೂ ಕೆಳಗೆ ತಣ್ಣಗಾಗಿಸುತ್ತಾರೆ. ತಣ್ಣಗಾದಷ್ಟೂ ಅನಿಲ ದಟ್ಟವಾಗುತ್ತದೆ, ಅದರ ಸ್ನಿಗ್ಧತೆ ಇಳಿಯುತ್ತದೆ. ಆದರೆ ಆಗ ಪದರ ಇನ್ನೂ ತೆಳುವಾಗುತ್ತದೆ. ಮೊದಲು ನೋಡಿದ ಧೂಳಿನ ಕಣ ಈಗ ಬೆಟ್ಟ!

[ಎ340 ವಿಮಾನ ಹಾರುತ್ತಿದೆ]

ಎತ್ತರದ ಆಕಾಶದಷ್ಟು ಶಾಂತವಾದ ಗಾಳಿ ಟನಲ್‌ಗಳಲ್ಲಿ ಸಿಗುವುದು ಕಷ್ಟ. 2017ರಲ್ಲಿ ಏರ್‌ಬಸ್ ಒಂದು ಎ340 ವಿಮಾನದ ಎರಡೂ ರೆಕ್ಕೆಗಳ ಹೊರಭಾಗ ತೆಗೆದು, ಅಲ್ಲಿ ಲ್ಯಾಮಿನಾರ್ ರೆಕ್ಕೆ ಜೋಡಿಸಿ ಹಾರಿಸಿತು. ಬಾಲದ ತುದಿಯಲ್ಲೊಂದು ಇನ್‌ಫ್ರಾರೆಡ್ ಕ್ಯಾಮೆರಾ ಇತ್ತು. ಹರಿವು ಎಲ್ಲಿ ಕದಡುತ್ತದೆ ಎಂದು ಅದು ರೆಕ್ಕೆಯ ಮೇಲೇ ಕಣ್ಣಿಟ್ಟಿತ್ತು.